ಪುನರ್ಪುಳಿಯ ರಕ್ತ, ಹಾಳೆಯ ಪೆಲ್ವಿಸ್: ಆರು ತಿಂಗಳ ಲೆಕ್ಕ

ಜೂನ್ 8, 2025

ನರ್ಸ್ ಕೆಲಸದಿಂದ ರಿಟೈರ್ ಆಗಿ ಎರಡು ವರ್ಷವಾಯಿತು. ಈಗ ವಾರಕ್ಕೆರಡು ದಿನ ಕಾಸರಗೋಡಿನ ಬದಿಯಡ್ಕದಿಂದ ಬಸ್ಸು ಹತ್ತಿ ಹೋಗಿ ನರ್ಸಿಂಗ್ ಕಲಿಯುವ ಮಕ್ಕಳಿಗೆ ಹೆರಿಗೆ, ಬಾಣಂತಿ, ಎಳೆಮಗುವಿನ ಪಾಠ ಹೇಳುತ್ತೇನೆ. ಅಲ್ಲಿ ಅಭ್ಯಾಸಕ್ಕೆ ಇರುವುದು ಒಂದೇ ಬೊಂಬೆ. ಹೊಟ್ಟೆಯ ರಬ್ಬರು ಬಿರಿದಿದೆ, ಮಗುವಿಗೆ ಒಂದು ಕೈ ಇಲ್ಲ. ಸುತ್ತ 40 ಮಂದಿ ನಿಂತರೆ ಹಿಂದಿನವರಿಗೆ ಕಾಣುವುದು ಮುಂದಿನವರ ಜಡೆ. ಹೊಸ ಬೊಂಬೆಯ ರೇಟು ಕೇಳಿ ನೋಡಿದೆ; ಮತ್ತೆ ಆ ಮಾತೆತ್ತಲಿಲ್ಲ.

ಮನೆಯಲ್ಲೇ ಮಾಡಿದರೇನು ಎಂದು ಹೊರಟಿದ್ದೇನೆ. ಹೊಲಿಗೆ ಮಿಷನ್ ಉಂಟು, ತೋಟದಲ್ಲಿ ಅಡಿಕೆ ಹಾಳೆ ಉಂಟು, ಮಳೆಗಾಲದಲ್ಲಿ ಸಮಯಕ್ಕೇನೂ ಬರ ಇಲ್ಲ. ಬುದ್ಧಿ ಮಾತ್ರ ನನ್ನದಲ್ಲ. 18ನೇ ಶತಮಾನದ ಫ್ರಾನ್ಸಿನಲ್ಲಿ ಆಂಜೆಲಿಕ್ ದು ಕುದ್ರೇ ಎಂಬ ಸೂಲಗಿತ್ತಿ ಬಟ್ಟೆ, ಚರ್ಮ, ಹತ್ತಿ ಸೇರಿಸಿ ಹೆಂಗಸಿನ ಸೊಂಟವನ್ನೂ ಮಗುವನ್ನೂ ಹೊಲಿದಿದ್ದಳು. 1759ರಲ್ಲಿ ಹದಿನೈದನೇ ಲೂಯಿ ದೊರೆಯ ಅಪ್ಪಣೆ ಪಡೆದು, ಅದನ್ನು ಹೊತ್ತುಕೊಂಡು ಊರೂರು ತಿರುಗಿ ಹಳ್ಳಿ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು. ಅವಳದೊಂದು ಬೊಂಬೆ ರುಆನ್ ಎಂಬಲ್ಲಿಯ ಮ್ಯೂಸಿಯಮ್ಮಿನಲ್ಲಿ ಈಗಲೂ ಇದೆ. ಫೋಟೋ ನೋಡಿದೆ. ಹೊಲಿಗೆ ನನ್ನದಕ್ಕಿಂತ ಚೆಂದ.

ಜೂನ್ 22

ಮೊದಲು ಪೆಲ್ವಿಸ್, ಅಂದರೆ ಮಗು ಇಳಿದು ಬರುವ ಸೊಂಟದ ಎಲುಬಿನ ಬಳೆ. ಮೇಲಿನ ಬಾಯಿ ಅಡ್ಡಕ್ಕೆ 13 ಸೆಂ.ಮೀ., ಹಿಂದುಮುಂದಿಗೆ 11. ಕೆಳಗಿನ ಬಾಯಿ ಇದಕ್ಕೆ ಪೂರಾ ಉಲ್ಟಾ: ಅಡ್ಡಕ್ಕೆ 11, ಹಿಂದುಮುಂದಿಗೆ 13. ಈ ಅಂಕೆಗಳನ್ನು ಪರೀಕ್ಷೆಗೆ ಉರುಹೊಡೆಯದ ನರ್ಸ್ ಇಲ್ಲ. ಹಾಗಿರುವುದರಿಂದಲೇ ಮಗು ಇಳಿಯುತ್ತ ಇಳಿಯುತ್ತ ತಿರುಗಬೇಕಾಗುತ್ತದೆ ಅಂತ ಹೊಳೆಯುವವರು ಕಮ್ಮಿ. ನನಗೆ ಹೊಳೆದದ್ದೇ ಕೆಲಸಕ್ಕೆ ಸೇರಿದ ಮೇಲೆ.

ಬೆತ್ತದ ಎರಡು ಬಳೆ ಬಗ್ಗಿಸಿ, ನಡುವೆ ಹಾಳೆ ಹೊಲಿಯುವುದು ಅಂತ ಯೋಚನೆ. ಹಾಳೆಯನ್ನು ಒಂದು ರಾತ್ರಿ ನೀರಿಗೆ ಹಾಕಿಟ್ಟರೆ ಚರ್ಮದ ಹಾಗೆ ಬಗ್ಗುತ್ತದೆ, ಒಣಗಿದ ಮೇಲೆ ಕೊಟ್ಟ ಆಕಾರ ಬಿಡುವುದಿಲ್ಲ. ತೋಟದ ಕೆಲಸಕ್ಕೆ ಬರುವ ಅಜ್ಜನಿಗೆ ಮುಟ್ಟಾಳೆ, ಅಂದರೆ ಹಾಳೆಯ ಟೋಪಿ, ಮಾಡಿ ಗೊತ್ತು, ಅವರನ್ನೇ ಕೂರಿಸಿಕೊಂಡೆ.

"ಇದು ಯಾರ ತಲೆಗೆ ಅಕ್ಕಾ?"

"ತಲೆಗೆ ಅಲ್ಲ ಅಜ್ಜ, ತಲೆ ಹೊರಗೆ ಬರ್ಲಿಕ್ಕೆ."

ಅಜ್ಜ ಆಮೇಲೆ ಒಂದು ಗಂಟೆ ಮಾತಾಡಲಿಲ್ಲ. ಹೊಲಿಗೆ ಮಾತ್ರ ಗಟ್ಟಿ ಬಂತು.

ಜೂನ್ 29

ತಲೆಗೆ ತೆಂಗಿನಕಾಯಿ. ಇದಂತೂ ಆಕಸ್ಮಿಕ. ಪೂಜೆಗೆ ಅಂತ ಜುಟ್ಟು ಬಿಟ್ಟು ಸುಲಿದ ಕಾಯಿ ಜಗಲಿಯಲ್ಲಿತ್ತು, ಅಳತೆ ಟೇಪು ಕೈಯಲ್ಲಿತ್ತು. ಸುತ್ತಳತೆ 34. ದಿನ ತುಂಬಿ ಹುಟ್ಟಿದ ಮಗುವಿನ ತಲೆಯೂ ಅಷ್ಟೇ!

ಜುಟ್ಟು ಮುಂದೆ ಮಾಡಿ ಇಳಿಸಿದರೆ ಕಾಯಿ ಹಾಳೆಯ ಪೆಲ್ವಿಸ್ಸಿನಲ್ಲಿ ಜಾರಿ ಬರುತ್ತದೆ. ಅಡ್ಡ ಮಲಗಿಸಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಮಗು ಗದ್ದವನ್ನು ಎದೆಗೆ ಒತ್ತಿಕೊಂಡಿದ್ದರೆ ದಾರಿಗೆ ಎದುರಾಗುವ ಅಳತೆ 9.5 ಸೆಂ.ಮೀ., ತಲೆ ನೆಟ್ಟಗೆ ಹಿಡಿದರೆ 11.5. ಎರಡು ಸೆಂಟಿಮೀಟರಿನ ಆಟ. ಕ್ಲಾಸಿನಲ್ಲಿ ಈಗ ಯಾರೂ ಆಕ್ಸಿಪುಟ್ (ತಲೆಯ ಹಿಂಭಾಗ) ಎಲ್ಲಿದೆ ಅಂತ ಕೇಳುವುದಿಲ್ಲ, "ಜುಟ್ಟು ಎಲ್ಲಿ?" ಅಂತಲೇ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ ಮಾರಾಯ್ರೇ ಎಂದಿದ್ದೇನೆ.

ಜುಲೈ 20

ಮಗುವಿನ ಮೈಗೆ ಕುಚ್ಚಲಕ್ಕಿ ತುಂಬಿಸಿ 2.8 ಕಿಲೋ ಮಾಡಿದ್ದೆ. ಎತ್ತಿದರೆ ನಿಜವಾದ ಮಗುವಿನ ಹಾಗೆ ಕತ್ತು ಹಿಂದಕ್ಕೆ ವಾಲುತ್ತಿತ್ತು, ನನಗೇ ಖುಷಿಯಾಗಿತ್ತು. ಆಟಿಯ ಮಳೆಯಲ್ಲಿ ಮೂರು ದಿನ ಕಪಾಟು ತೆಗೆಯಲಿಲ್ಲ. ನಾಲ್ಕನೇ ದಿನ ನೋಡಿದರೆ ಮಗುವಿನ ತೊಡೆಯಲ್ಲಿ ತೂತು, ಅಕ್ಕಿ ಚೆಲ್ಲಿದೆ, ಇಲಿಯ ಹಿಕ್ಕೆ ಬಿದ್ದಿದೆ. ಪೆಲ್ವಿಸ್ಸಿಗೆ ಬೂಷ್ಟು. ಪೆಲ್ವಿಸ್ಸನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ, ಹೊಗೆಗೆ ಕಂದು ಬಣ್ಣ ತಿರುಗಿ ಮೊದಲಿಗಿಂತ ಲಾಯ್ಕ ಆಯಿತು. ಮಗುವಿಗೆ ಈಗ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಟ್ಟಿದ ಹೊಳೆ ಮರಳು, ಸುತ್ತ ಬೂರುಗದ ಹತ್ತಿ. ನೆತ್ತಿಯಲ್ಲಿ ಚೌಕಾಕಾರದ ಒಂದು ಜಾಗಕ್ಕೆ ಮೆತ್ತನೆಯ ಬಟ್ಟೆ ಇಟ್ಟೆ, ಬೆರಳಿಗೆ ಸಿಗಲಿ ಅಂತ.

ಆಗಸ್ಟ್ 10

ಇಷ್ಟೆಲ್ಲ ಪೀಠಿಕೆ. ನನಗೆ ಮಾಡಬೇಕಾಗಿದ್ದದ್ದು ಗರ್ಭಕೋಶ, ಅದೂ ಹೆರಿಗೆ ಆದ ಮೇಲಿನದ್ದು.

ತೊಂಬತ್ತರ ದಶಕದ ಒಂದು ರಾತ್ರಿ ಡ್ಯೂಟಿ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಹೆರಿಗೆ ಸಲೀಸಾಗಿ ಆಯಿತು, ಮಾಸು ಪೂರ್ತಿ ಬಿತ್ತು, ಮಗು ಅತ್ತಿತು. ಬಟ್ಟೆ ಎತ್ತಿ ನೋಡಿ ಕೇಸ್ ಶೀಟಿನಲ್ಲಿ "ರಕ್ತಸ್ರಾವ ಸಾಧಾರಣ" ಎಂದು ಬರೆದು ಪಕ್ಕದ ಬೆಡ್ಡಿಗೆ ಹೋದೆ. ಮುಕ್ಕಾಲು ಗಂಟೆ ಬಿಟ್ಟು ಬಂದಾಗ ಆಕೆ ಆಕಳಿಸುತ್ತಿದ್ದಳು, ತುಟಿ ಬೆಳ್ಳಗಾಗಿತ್ತು. ಸೊಂಟ ಎತ್ತಿದರೆ ಕೆಳಗಿನ ರಬ್ಬರ್ ಶೀಟಿನ ಮಡಿಕೆಯಲ್ಲಿ ರಕ್ತ ಕೆರೆ ಕಟ್ಟಿತ್ತು. ಮೇಲಿನ ಬಟ್ಟೆಯಲ್ಲಿ ನಾನು ನೋಡಿದ್ದು ಅದರ ಅಂಚು ಮಾತ್ರ. ಜೀಪಿನಲ್ಲಿ ಮಂಗಳೂರಿಗೆ ಕಳಿಸಿದರು. ತಲಪಾಡಿ ದಾಟುವವರೆಗೂ ನಾನು ಆಕೆಯ ಹೊಟ್ಟೆ ತಿಕ್ಕುತ್ತ ಕೂತಿದ್ದೆ. ಉಳಿದಳು. ಆ "ಸಾಧಾರಣ" ಎಂಬ ಶಬ್ದ ನನ್ನ ಗಂಟಲಲ್ಲಿ ಇನ್ನೂ ಉಂಟು.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಬಿದ್ದ ಮೇಲೆ ಆ ನಾಳಗಳ ಬಾಯಿ ಮುಚ್ಚುವುದು ಗರ್ಭಕೋಶದ ಸ್ನಾಯು ಬಿಗಿದರೆ ಮಾತ್ರ. ಬಿಗಿದರೆ ಹೊಕ್ಕುಳ ಹತ್ತಿರ ಕ್ರಿಕೆಟ್ ಚೆಂಡಿನ ಹಾಗೆ ಕೈಗೆ ಸಿಗುತ್ತದೆ. ಸಡಿಲಾದರೆ ಕೈಗೆ ಏನೂ ಸಿಗುವುದಿಲ್ಲ, ಬರೀ ಹಿಟ್ಟು. ಇದನ್ನು ಪುಸ್ತಕದಲ್ಲಿ ಹೇಗೆ ಕಲಿಯುವುದು? ಬೆರಳಿಗೇ ಗೊತ್ತಾಗಬೇಕು.

ಹಳೇ ಬಿಪಿ ಮಿಷನ್ನಿನ ಪಟ್ಟಿ ಬಿಚ್ಚಿ ಒಳಗಿನ ರಬ್ಬರ್ ಚೀಲ ತೆಗೆದೆ. ಅದನ್ನು ಮಡಚಿ, ಸುತ್ತ ತೆಳು ಸ್ಪಂಜು ಸುತ್ತಿ, ಕೆಂಪು ಉಲ್ಲನ್ನಿನ ಚೀಲ ಹೆಣೆದು ಹಾಕಿದೆ. ಟ್ಯೂಬು ಹಾಸಿಗೆಯ ಅಡಿಯಿಂದ ಹೊರಗೆ ಬರುತ್ತದೆ, ಬಲ್ಬು ಒಬ್ಬರ ಕೈಯಲ್ಲಿ. ಹೊಟ್ಟೆ ತಿಕ್ಕುವವಳು ಸರಿಯಾಗಿ ತಿಕ್ಕಿದರೆ ಅವರು ಗಾಳಿ ಹೊಡೆಯುತ್ತಾರೆ, ಗರ್ಭಕೋಶ ಕೈಯ ಕೆಳಗೇ ಗಟ್ಟಿಯಾಗುತ್ತದೆ. ಮೊದಲ ಸಲ ಇದನ್ನು ಮುಟ್ಟಿದ ಪೈವಳಿಕೆಯ ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡಳು. "ಟೀಚರೇ, ಇದು ಜೀವ ಇದ್ದ ಹಾಗೆ ಆಗ್ತದೆ!"

ಉಲ್ಲನ್ನಿನಿಂದ ಇನ್ನೊಂದು ಉಪಕಾರವೂ ಆಯಿತು. ಹೆಣಿಗೆಯ ಕಣ್ಣಿನಲ್ಲಿ ಒಂದು ದಾರ ತೂರಿಸಿ, ಹೆಣಿಗೆಯನ್ನು ಎಳೆದು ಬಿಗಿದರೆ ದಾರ ಸಿಕ್ಕಿಕೊಳ್ಳುತ್ತದೆ. ಸ್ನಾಯು ರಕ್ತನಾಳವನ್ನು ಹಿಸುಕುವುದು ಹೀಗೆಯೇ.

ಆಗಸ್ಟ್ 24

ತೊಂದರೆ: ಗಟ್ಟಿಯಾಯಿತು ಅಂದ ಕೂಡಲೇ ಮಕ್ಕಳು ಕೈ ತೊಳೆಯಲು ಹೋಗುತ್ತಾರೆ. ಹಾಗಾಗಿ ಬಲ್ಬಿನ ತಿರುಪನ್ನು ಕೂದಲೆಳೆಯಷ್ಟು ಸಡಿಲ ಬಿಡುತ್ತೇನೆ. ಹತ್ತು ನಿಮಿಷದಲ್ಲಿ ಸದ್ದಿಲ್ಲದೆ ಮೆತ್ತಗಾಗುತ್ತದೆ. ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ ಮುಟ್ಟಿ ನೋಡಬೇಕು ಎಂಬ ನಿಯಮ ಯಾಕೆ ಅಂತ ಈಗ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೂತ್ರಕೋಶಕ್ಕೆ ಒಂದು ಬಲೂನು ಸೇರಿಸಿದೆ; ಅದು ತುಂಬಿದ್ದರೆ ಗರ್ಭಕೋಶ ಬಿಗಿಯುವುದಿಲ್ಲ. ಬಲೂನು ದಿನಕ್ಕೊಂದು ಒಡೆಯುತ್ತದೆ, ಇರಲಿ.

ಸೆಪ್ಟೆಂಬರ್ 14

ರಕ್ತ. ಪುನರ್ಪುಳಿ ನೆನೆಸಿದ ನೀರು ಬಣ್ಣಕ್ಕೆ ಅಡ್ಡಿಯಿಲ್ಲ, ಆದರೆ ನೀರು ನೀರು. ಗಂಜಿ ತಿಳಿ ಸೇರಿಸಿದ ಮೇಲೆ ಹದ ಬಂತು. ಹೆಪ್ಪಿಗೆ ರಾಗಿ ಮಣ್ಣಿಯನ್ನೇ ಪುನರ್ಪುಳಿ ಹಾಕಿ ಕಾಸಿ, ತಟ್ಟೆಗೆ ಹೊಯ್ದು, ಕೈಯಿಂದ ಮುರಿದೆ. ಎಷ್ಟು ಸರಿ ಬಂತೆಂದರೆ ನಮ್ಮ ಮನೆಯಲ್ಲಿ ಈಗ ರಾಗಿ ಮಣ್ಣಿ ತಿನ್ನುವವರಿಲ್ಲ. ದು ಕುದ್ರೇಯೂ ಸ್ಪಂಜಿನಲ್ಲಿ ಕೆಂಪು ನೀರು ತುಂಬಿಸಿ ಬೊಂಬೆಯಿಂದ ಇಳಿಸುತ್ತಿದ್ದಳಂತೆ. ಅವಳ ಬೊಂಬೆಗೆ ಇರುವೆ ಬಂದಿತ್ತೋ ಏನೋ, ನನ್ನದಕ್ಕಂತೂ ಬಂತು.

ಕ್ಲಾಸಿಗೆ ಅಳೆದು ಸರಿಯಾಗಿ 500 ಮಿ.ಲೀ. ಒಯ್ದೆ. ಹೆರಿಗೆಯಾದ 24 ಗಂಟೆಯೊಳಗೆ ಇಷ್ಟು ಹೋದರೆ ಅದನ್ನು ಪಿಪಿಎಚ್, ಅಂದರೆ ಹೆರಿಗೆಯ ನಂತರದ ಅತಿ ರಕ್ತಸ್ರಾವ, ಎನ್ನುತ್ತೇವೆ. ಸ್ವಲ್ಪ ಹಳೇ ಸೀರೆಗೆ, ಸ್ವಲ್ಪ ಬೈರಾಸಿಗೆ, ಸ್ವಲ್ಪ ಪ್ಯಾಡಿಗೆ, ಉಳಿದದ್ದನ್ನು ನೆಲಕ್ಕೆ ಚೆಲ್ಲಿ, ಎಷ್ಟು ಅಂತ ಚೀಟಿಯಲ್ಲಿ ಬರೆಯಿರಿ ಎಂದೆ. ಚೀಟಿ ಬಿಡಿಸಿದರೆ 200, 250, 150. ಒಬ್ಬಳು ಮಾತ್ರ 600. ಅವಳ ಮನೆಯಲ್ಲಿ ಹಟ್ಟಿ ಉಂಟಂತೆ, ದಿನಾ ಹಾಲು ಅಳೆದು ಸೊಸೈಟಿಗೆ ಕೊಡುವವಳು.

ಮಕ್ಕಳನ್ನು ಬೈಯುವ ಹಾಗಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದವರ ಜೊತೆ ಸೇರಿ, ಬಾಣಂತಿಯ ಸೊಂಟದಡಿ ಹಾಸಿ ರಕ್ತ ಅಳೆಯುವ ಪ್ಲಾಸ್ಟಿಕ್ ಚೀಲವೊಂದನ್ನು ರೂಪಿಸಿದ್ದರು. 2006ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಕಣ್ಣಂದಾಜು ಚೀಲದ ಅಳತೆಗಿಂತ 33% ಕಡಿಮೆ ಬಂದಿತ್ತು. ಅನುಭವ ಇದ್ದವರ ಕಣ್ಣೂ ಕಣ್ಣೇ.

ಅತ್ತೆಗೆ 84. ಆರು ಹೆತ್ತವರು, ಎಲ್ಲ ಮನೆಯಲ್ಲೇ. ಜಗಲಿಯಲ್ಲಿ ಕೂತು ನಾನು ಸೀರೆ ತೊಳೆಯುವುದನ್ನು ನೋಡುತ್ತಿದ್ದರು. "ಅಷ್ಟೂ ಅಳೀಲಿಕ್ಕೆ ಎಂತ ಉಂಟು? ಹಾಳು ರಕ್ತ ಅದು, ಹೋದಷ್ಟು ಒಳ್ಳೇದು." ನಾನು ಎದುರು ಮಾತಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಬರೆದಿಟ್ಟೆ: ಮಕ್ಕಳಿಗೆ ಬಾಣಂತಿಯ ಜೊತೆಗಿರುವ ಅತ್ತೆ, ಅಮ್ಮಂದಿರೊಡನೆ ಮಾತಾಡಲು ಕಲಿಸಬೇಕು. ವಾರ್ಡಿನಲ್ಲಿ ನರ್ಸನ್ನು ಕರೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಅವರೇ.

ಅಕ್ಟೋಬರ್ 5

ಚೀಲದ ಕೆಲಸ. ಅಡಿಕೆ ಒಣಗಿಸುವ ಗೂಡಿಗೆ ಹೊದಿಸಿ ಮಿಕ್ಕಿದ್ದ ದಪ್ಪ ಪ್ಲಾಸ್ಟಿಕ್ ಇತ್ತು. ಆಲಿಕೆಯ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಪೇಪರು ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದೆ. ಮೊದಲನೆಯದು ಕರಗಿತು, ಎರಡನೆಯದು ಸೋರಿತು, ಮೂರನೆಯದು ನಿಂತಿತು. ಒಂದೊಂದೇ 100 ಮಿ.ಲೀ. ನೀರು ಹೊಯ್ದು ಗೆರೆ ಎಳೆದೆ, 500ಕ್ಕೆ ಕೆಂಪು ಗೆರೆ. ಚೀಲ ಹಾಸುವುದು ಮಗು ಹುಟ್ಟಿದ ಮೇಲೆಯೇ. ಮೊದಲೇ ಹಾಸಿದರೆ ಗರ್ಭದ ನೀರು, ಮೂತ್ರ ಎಲ್ಲ ಸೇರಿ ಲೆಕ್ಕ ಕೆಡುತ್ತದೆ. ಬಟ್ಟೆಗೆ ಹೀರಿದ್ದನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಒಣ ಬಟ್ಟೆಯ ತೂಕ ಕಳೆಯುವುದು. ಒಂದು ಗ್ರಾಮಿಗೆ ಒಂದು ಮಿ.ಲೀ. ಹಿಡಿದರಾಯಿತು.

ಅಕ್ಟೋಬರ್ 19

ಕೆಂಪು ಗೆರೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ಈ ತಿಂಗಳು ಹೊಸ ಮಾರ್ಗಸೂಚಿ ಹೊರಡಿಸಿದೆ: 500ಕ್ಕೆ ಕಾಯಬೇಡಿ, 300 ಮಿ.ಲೀ. ಆಗಿದ್ದು ನಾಡಿ ಏರಿದ್ದರೆ ಅಥವಾ ಬಿಪಿ ಇಳಿದಿದ್ದರೆ ಕೂಡಲೇ ಚಿಕಿತ್ಸೆ ಶುರು ಮಾಡಿ. ಚೀಲಕ್ಕೆ 300ರಲ್ಲಿ ಹಳದಿ ಗೆರೆ ಎಳೆದೆ. ಆಫ್ರಿಕದ ನಾಲ್ಕು ದೇಶಗಳಲ್ಲಿ ಹೀಗೆ ಅಳೆದು, ಆಮೇಲೆ ಮಾಡುವ ಕೆಲಸವನ್ನೆಲ್ಲ ಒಟ್ಟಿಗೇ ಮಾಡಿದಾಗ ಆದ ಫಲ 2023ರಲ್ಲಿ ಪ್ರಕಟವಾಗಿತ್ತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಮೂರೂ ಸೇರಿ 60% ಕಡಿಮೆ. ಒಟ್ಟಿಗೇ ಎಂದರೆ ಗರ್ಭಕೋಶ ತಿಕ್ಕುವುದು, ಅದನ್ನು ಬಿಗಿಸುವ ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಡ್ರಿಪ್, ಎಲ್ಲಿಂದ ಹೋಗುತ್ತಿದೆ ಎಂದು ನೋಡುವುದು, ಮೇಲಿನವರನ್ನು ಕರೆಯುವುದು. ನಮ್ಮ ಕಾಲದಲ್ಲಿ ಒಂದು ಮಾಡಿ, ಕಾದು, ಇನ್ನೊಂದು ಮಾಡುತ್ತಿದ್ದೆವು.

ನವೆಂಬರ್ 9

ಇವತ್ತು ಪೂರ್ತಿ ನಾಟಕ. ಬಾಣಂತಿ ಒಬ್ಬಳು ಹುಡುಗಿ, ಅವಳ ಮಡಿಲಿಗೆ ನನ್ನ ಹೊಟ್ಟೆ ಕಟ್ಟಿದೆ. ಅತ್ತೆಯ ಪಾತ್ರಕ್ಕೆ ಹಾಲಿನ ಹುಡುಗಿ. ಬಲ್ಬು ನನ್ನ ಕೈಯಲ್ಲಿ.

ನರ್ಸ್ ಕಾಞಂಗಾಡಿನವಳು. ಮನೆಮಾತು ಮಲಯಾಳ, ಕನ್ನಡ ಅಷ್ಟಕ್ಕಷ್ಟೆ. ಬಾಣಂತಿ ತುಳುವಿನಲ್ಲೇ ಮಾತಾಡಬೇಕೆಂದು ಮೊದಲೇ ಹೇಳಿದ್ದೆ. ಇಲ್ಲಿಯ ವಾರ್ಡುಗಳಲ್ಲಿ ಅದು ದಿನದ ಕಥೆ. ಒಂದೇ ಪ್ರಶ್ನೆಯನ್ನು ಕನ್ನಡ, ತುಳು, ಮಲಯಾಳದಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೇನೆ: "ರಕ್ತ ಜಾಸ್ತಿ ಹೋಗ್ತಾ ಉಂಟಾ?", "ನೆತ್ತೆರ್ ಮಸ್ತ್ ಪೋಪುಂಡಾ?", "ಚೋರ ಕೂಡುದಲ್ ಪೋಗುನ್ನುಂಡೋ?" ಅವಳು ಮೂರನ್ನೂ ಸಾಲಾಗಿ ಕೇಳಿದಳು, ಬಾಣಂತಿ ನಕ್ಕು ನಕ್ಕು ಹೊಟ್ಟೆಯ ಪಿನ್ನು ಕಿತ್ತುಬಂತು. ಮತ್ತೆ ಮೊದಲಿನಿಂದ.

ಎರಡನೇ ಸಲ ಕೈ ಹೊಟ್ಟೆಯ ಮೇಲಿಟ್ಟು ಚೀಲ ನೋಡಿದಳು. ಹಳದಿ ಗೆರೆ ಮುಟ್ಟುತ್ತಿತ್ತು. ನಾಡಿ ಕೇಳಿದಳು, 112 ಎಂದೆ. "ಹಾಳು ರಕ್ತ, ಹೋಗ್ಲಿ ಬಿಡಿ ಸಿಸ್ಟರ್," ಎಂದಳು ಅತ್ತೆ. ಒಂದು ಗಳಿಗೆ ನಿಂತು ಅತ್ತೆಯ ಕೈ ಹಿಡಿದು ಗರ್ಭಕೋಶದ ಮೇಲಿಟ್ಟಳು. "ಅಮ್ಮ, ಇದು ಗಟ್ಟಿ ಬೇಕು. ನೀವು ಹೀಗೆ ತಿಕ್ಕಿ, ನಾನು ಇಂಜೆಕ್ಷನ್ ತರ್ತೇನೆ." ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಗಾಳಿ ಹೊಡೆಯುವುದೇ ಮರೆತುಹೋಯಿತು ನನಗೆ. ಪಾಪ, ಆ ಅತ್ತೆ ಐದು ನಿಮಿಷ ಸುಮ್ಮನೆ ತಿಕ್ಕಿದಳು.

ಕೇಸ್ ಶೀಟಿನಲ್ಲಿ ಬರೆದದ್ದು: "320 ಮಿ.ಲೀ., ನಾಡಿ 112, ಗರ್ಭಕೋಶ ಮೆತ್ತಗೆ, ಆಕ್ಸಿಟೋಸಿನ್ ಕೊಟ್ಟಿದೆ, ಡಾಕ್ಟರಿಗೆ ಹೇಳಿದೆ, ಗಂಟೆ 11.20."

ಬಾಕಿ ಕೆಲಸ: ಬಿಪಿ ಚೀಲದ ಟ್ಯೂಬು ಬುಡದಲ್ಲಿ ಬಿರಿದಿದೆ, ಪೇಟೆಯಲ್ಲಿ ಕೇಳಬೇಕು. ಮಗುವಿಗೆ ಎರಡನೇ ಅಂಗಿ. ತೆಂಗಿನಕಾಯಿ ಒಳಗಿಂದ ಕೊಳೆತು ವಾಸನೆ ಬರುತ್ತಿದೆ, ಬದಲಿಸಬೇಕು. ಈ ಸಲವೂ ಸುಲಿಯುವಾಗ ಜುಟ್ಟು ತೆಗೆಯಬೇಡಿ ಅಂತ ಅಜ್ಜನಿಗೆ ಹೇಳಿ ಬಂದಿದ್ದೇನೆ.