ಮಾಳಿಗೆ ಮೇಲೆ ಎಸೆದ ಹಲ್ಲು, ಮಗಳ ಬಾಯಿಗೆ ಬಂದ ಕ್ಲಿಪ್

ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಮುಚ್ಚಿ ಮಾಳಿಗೆ ಮೇಲೆ ಎಸೆಯೋದು ನಮ್ಮ ಮನೆಯ ರೂಢಿ. ಮಗಳಿಗೆ ಏಳು ವರ್ಷ ಇದ್ದಾಗ ಮೇಲಿನ ಸಾಲಿನ ಎರಡು ಹಾಲು ದವಡೆಹಲ್ಲು, ಬಲಕ್ಕೊಂದು ಎಡಕ್ಕೊಂದು, ಹುಳುಕಾಗಿ ಕೀಳಿಸಬೇಕಾಯಿತು. ಡಾಕ್ಟರು ಅವನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. ನಮ್ಮವ್ವ ಅವನ್ನೂ ಬಿಡಲಿಲ್ಲ. ಸಗಣಿ ಉಂಡೆ ಮಾಡಿ ಮೊಮ್ಮಗಳ ಕೈಲೇ ಎಸೆಸಿದಳು. ಹಾಲುಹಲ್ಲು ತಾನೆ, ಇವತ್ತಲ್ಲ ನಾಳೆ ಬೀಳೋದೇ ಅಂತ ನಾನೂ ಸುಮ್ಮನಿದ್ದೆ.

ಆ ಹಲ್ಲು ಬೀಳಬೇಕಾದ ವಯಸ್ಸು 10ರಿಂದ 12 ಅಂತ ನನಗೆ ಗೊತ್ತಾಗಿದ್ದು ನಾಲ್ಕು ವರ್ಷದ ಮೇಲೆ. ಅಲ್ಲಿತನಕ ಅದರ ಕೆಲಸ ಬರೀ ಅಗಿಯೋದಲ್ಲ. ಬಸ್ ಸೀಟಿಗೆ ಟವೆಲ್ ಹಾಕಿ ಜಾಗ ಹಿಡೀತೀವಲ್ಲ, ಹಂಗೆ ಒಸಡಿನೊಳಗಿಂದ ಬರೋ ಹಲ್ಲಿಗೆ ಅದು ಜಾಗ ಹಿಡಿದಿರುತ್ತೆ. ನಾವು ಟವೆಲ್ ತೆಗೆದುಬಿಟ್ಟೆವು. ಆರು ವರ್ಷಕ್ಕೆ ಹುಟ್ಟುವ ದೊಡ್ಡ ದವಡೆಹಲ್ಲು ಮೆಲ್ಲಗೆ ಮುಂದಕ್ಕೆ ಸರಿದು ಕೂತಿತು. ಹನ್ನೊಂದಕ್ಕೆ ಕೋರೆಹಲ್ಲು ಬರುವ ಹೊತ್ತಿಗೆ ಸೀಟೇ ಇಲ್ಲ. ಅವೆರಡೂ ಒಸಡಿನ ಮೇಲಿನಿಂದ, ತುಟಿ ಎತ್ತುವ ಹಾಗೆ ಇಣುಕಿದವು. "ಹಲ್ಲಿನ ಮ್ಯಾಲೆ ಹಲ್ಲು ಬಂದ್ರ ಅದೃಷ್ಟ ಬಿಡೋ" ಅಂದಳು ಅವ್ವ. ಮಗಳು ಮಾತ್ರ ಶಾಲೆಯ ಗ್ರೂಪ್ ಫೋಟೊದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಹಲ್ಲು ಕಿತ್ತ ಬೆನ್ನಲ್ಲೇ ಪಕ್ಕದ ಹಲ್ಲಿಗೆ ಒಂದು ಸ್ಟೀಲ್ ಉಂಗುರ, ಖಾಲಿ ಜಾಗ ಕಾಯೋಕೆ ಅದಕ್ಕೆ ಬೆಸೆದ ಒಂದು ಕೊಂಡಿ ಹಾಕಬಹುದಿತ್ತಂತೆ. ಸ್ಪೇಸ್ ಮೇಂಟೇನರ್ ಅಂತಾರೆ. ಅವತ್ತು ಕಿತ್ತ ಡಾಕ್ಟರು ಆ ಹೆಸರೇ ಎತ್ತಲಿಲ್ಲ. ಕೇಳೋಕೆ ನನಗೆ ಗೊತ್ತಿರಲಿಲ್ಲ. ಅದಕ್ಕೇ ಬರೀತಾ ಇದೀನಿ. ಹಾಲು ದವಡೆಹಲ್ಲು ವಯಸ್ಸಿಗೆ ಮೊದಲೇ ಕೀಳಿಸುವ ಮಾತು ಬಂದರೆ, ಉಳಿಸೋಕೆ ಆಗುತ್ತಾ ಅಂತ ಕೇಳಿ. ಆಗಲ್ಲ ಅಂದರೆ, ಜಾಗ ಕಾಯೋಕೆ ಏನು ಹಾಕ್ತೀರಿ ಅಂತ ಕೇಳಿ.

ಕೊಪ್ಪಳದಲ್ಲಿ ನಂದು ಬೀಜ-ಗೊಬ್ಬರದ ಅಂಗಡಿ. ಹಲ್ಲಿನ ವಿಷಯ ಕಲಿತದ್ದೆಲ್ಲ ಬಳ್ಳಾರಿ ರೈಲಿನಲ್ಲಿ. 22 ತಿಂಗಳು, ತಿಂಗಳಿಗೊಮ್ಮೆ ನಾನು ಮತ್ತು ಮಗಳು. ಮುನಿರಾಬಾದ್ ದಾಟುವಾಗ ಅವಳು ಕಿಟಕಿಯಿಂದ ಡ್ಯಾಮಿನ ಕಡೆ ನೋಡುತ್ತಿದ್ದಳು, ನಾನು ಅಂಗಡಿಯ ಫೋನಿಗೆ ಉತ್ತರ ಕೊಡುತ್ತಿದ್ದೆ.

ಬಳ್ಳಾರಿಗೇ ಯಾಕೆ ಅಂದರೆ, ಹಲ್ಲು ನೆಟ್ಟಗೆ ಮಾಡುವ ಕ್ಲಿಪ್ ಹಾಕೋಕೆ ಬೇರೆ ಓದು ಇದೆ. ಬಿಡಿಎಸ್ ಮುಗಿಸಿ ಮತ್ತೆ ಮೂರು ವರ್ಷ ಎಂಡಿಎಸ್ ಮಾಡಿದ ಆರ್ಥೋಡಾಂಟಿಸ್ಟ್ ಅಂತ ಇರ್ತಾರೆ. ಸಣ್ಣ ಊರುಗಳಲ್ಲಿ ಅವರು ತಿಂಗಳಿಗೆ ಒಂದೆರಡು ದಿನ ಬಂದು ಹೋಗೋದೂ ಉಂಟು. ತಪ್ಪೇನಿಲ್ಲ. ಆದರೆ ನಡುವೆ ತಂತಿ ಕೆನ್ನೆಗೆ ಚುಚ್ಚಿದರೆ ಯಾರು ನೋಡ್ತಾರೆ ಅಂತ ಮೊದಲೇ ಕೇಳಿಕೊಳ್ಳಬೇಕು. ಬಳ್ಳಾರಿ, ರಾಯಚೂರಿನಲ್ಲಿ ದಂತ ಕಾಲೇಜುಗಳಿವೆ. ಕಾಲೇಜಿನಲ್ಲಿ ಖರ್ಚು ಕಡಿಮೆ, ಕೂರೋ ಹೊತ್ತು ಜಾಸ್ತಿ. ನಾನು ಅಂಗಡಿ ಬಿಟ್ಟು ದಿನಗಟ್ಟಲೆ ಕೂರಲಾರದವನು, ಖಾಸಗಿ ಕ್ಲಿನಿಕ್ ಹಿಡಿದೆ.

ಮೊದಲ ದಿನ ಕ್ಲಿಪ್ ಹಾಕಲೇ ಇಲ್ಲ. ಪೂರ್ತಿ ದವಡೆಯ ಎಕ್ಸ್‌ರೇ, ತಲೆಯ ಪಕ್ಕದಿಂದ ಇನ್ನೊಂದು ಎಕ್ಸ್‌ರೇ, ಹಲ್ಲಿನ ಅಚ್ಚು. ಮುಂದಿನ ಸಲ ಹೋದಾಗ ಅಲ್ಲಿನ ಡಾಕ್ಟರ್ ಮೇಡಂ ಸುಣ್ಣದಂಥ ಬಿಳಿ ಅಚ್ಚನ್ನು ನನ್ನ ಕೈಗೆ ಕೊಟ್ಟು, "ಸರ್, ನೀವೇ ಅಳೀರಿ, ಇಷ್ಟು ಹಲ್ಲು ಇಷ್ಟು ಜಾಗದಾಗ ಹಿಡಿತಾವೇನು?" ಅಂದರು. ಹಿಡಿಯೋದಿಲ್ಲ. ಮೇಲಿನ ಎರಡು ಒಳ್ಳೆಯ ಹಲ್ಲು ತೆಗೆಯಬೇಕು, ಕೋರೆಹಲ್ಲಿನ ಹಿಂದಿನವು. ಮನೆಯಲ್ಲಿ ಇದು ದೊಡ್ಡ ಜಗಳ. "ಹುಳುಕಿಲ್ಲ, ನೋವಿಲ್ಲ, ಗಟ್ಟಿ ಹಲ್ಲು ಯಾಕ ಕೀಳ್ತಾರ?" ಅಂತ ಅವ್ವ ಒಂದು ಹೊತ್ತಿನ ಊಟ ಬಿಟ್ಟಳು. ಎಲ್ಲ ಮಕ್ಕಳಿಗೂ ಹೀಗೆ ತೆಗೆಯಬೇಕಾಗಿಲ್ಲ. ನಮ್ಮದು ಜಾಗ ಕಳಕೊಂಡ ಬಾಯಿ.

ಸ್ಟೀಲ್ ಕ್ಲಿಪ್‌ಗೆ 40,000 ರೂಪಾಯಿ ಮಾತಾಯಿತು, ಕಂತಿನಲ್ಲಿ. ಎಕ್ಸ್‌ರೇ ಬೇರೆ, ಹಲ್ಲು ಕಿತ್ತಿದ್ದು ಬೇರೆ. ಒಟ್ಟು ಎಷ್ಟು ಅಂತ ಕೇಳಿದರೆ ಸಾಲದು. ಕಿತ್ತುಬಂದ ಕ್ಲಿಪ್ ಮತ್ತೆ ಅಂಟಿಸೋಕೆ ದುಡ್ಡು ತಗೋತಾರಾ, ಹಲ್ಲು ಮತ್ತೆ ಸರಿಯದ ಹಾಗೆ ಹಾಕಿಕೊಳ್ಳೋಕೆ ಕೊನೆಗೆ ಕೊಡುವ ರಿಟೇನರ್ ಈ ಲೆಕ್ಕದಲ್ಲಿ ಇದೆಯಾ, ಇವೆರಡನ್ನೂ ಬಿಡದೆ ಕೇಳಿ.

ನಮಗೆ ಈ ಮೊದಲ ಪ್ರಶ್ನೆ ಬಹಳ ಕೆಲಸಕ್ಕೆ ಬಂತು. ಮೊದಲ ವರ್ಷದಲ್ಲೇ ಏಳು ಸಲ ಒಂದಲ್ಲ ಒಂದು ಕ್ಲಿಪ್ ಕಿತ್ತುಬಂತು. ನಾನು ಮಗಳನ್ನು ಬೈದೆ. ಮೇಡಂ ನನ್ನನ್ನೇ ಕೇಳಿದರು, "ಸಣ್ಣಾಕಿ ಇದ್ದಾಗ ಯಾವ ನೀರು ಕುಡಿದಾಳ್ರೀ?" ಐದು ವರ್ಷದವರೆಗೆ ಅವಳು ಬೆಳೆದದ್ದು ಕುಷ್ಟಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ, ಬೋರ್‌ವೆಲ್ ನೀರಿನ ಮೇಲೆ. ಫ್ಲೋರೈಡ್ ನೀರಿನ ಬಗ್ಗೆ ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮಿತಿ, ಬೇರೆ ನೀರೇ ಇಲ್ಲದ ಕಡೆ 1.5. ಅದಕ್ಕಿಂತ ಜಾಸ್ತಿ ಇರುವ ನೀರನ್ನು, ಕಾಯಂ ಹಲ್ಲು ಒಸಡಿನೊಳಗೆ ತಯಾರಾಗುವ ಹೊತ್ತಿನಲ್ಲಿ ಮಗು ಕುಡಿದರೆ ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಕಲೆ. ಅಂಥ ಹಲ್ಲಿನ ಮೇಲೆ ಕ್ಲಿಪ್ಪಿನ ಅಂಟು ಸರಿಯಾಗಿ ಹಿಡಿಯೋದಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಮೊದಲೇ ಡಾಕ್ಟರಿಗೆ ಹೇಳಿಬಿಡೋದು ಒಳ್ಳೇದು. ಇನ್ನೊಂದು, ಕ್ಲಿಪ್ ಹಾಕಿಸಿದರೆ ಆ ಕಲೆಯೂ ಹೋಗುತ್ತೆ ಅಂದುಕೊಂಡವರಲ್ಲಿ ನಾನೂ ಒಬ್ಬ. ಹೋಗಲ್ಲ. ಅದರ ಚಿಕಿತ್ಸೆಯೇ ಬೇರೆ.

ಏಳರಲ್ಲಿ ಒಂದು ಸಲ ಮಾತ್ರ ತಪ್ಪು ಪೂರ್ತಿ ಮಗಳದೇ. ಗವಿಮಠದ ಜಾತ್ರೆ, ದಾಸೋಹದ ಕಟಕ ರೊಟ್ಟಿ. ಸಾರಿನಲ್ಲಿ ನೆನೆಸಿ ತಿನ್ನು ಅಂತ ಅವರಮ್ಮ ಹೇಳುತ್ತಿದ್ದ ಹಾಗೇ ಕಟ್ ಅಂತ ಕಚ್ಚಿದಳು. ಆಮೇಲೆ ನಾಲಿಗೆ ಹೊರಳಿಸಿ ಅಂಗೈ ಮೇಲೆ ಉಗುಳಿದಳು. ಜೋಳದ ಕಾಳಿಗಿಂತ ಸಣ್ಣ ಸ್ಟೀಲ್ ಚೂರು.

ಕಬ್ಬು, ಚಿಕ್ಕಿ, ಕುಸುರೆಳ್ಳು, ಗಟ್ಟಿ ಪೇರಲ ಎಲ್ಲ ಬಂದ್. ಮೊದಲ ನಾಲ್ಕೈದು ದಿನ ಹಲ್ಲು ಜುಮ್ಮೆನ್ನುತ್ತೆ, ಆಗ ಹಾಲು-ಅನ್ನ, ಮೆತ್ತಗಿನ ಉಪ್ಪಿಟ್ಟು. ತಂತಿ ತಾಗಿ ಹುಣ್ಣಾಗುವ ಕಡೆ ಕ್ಲಿನಿಕ್ಕಿನಲ್ಲೇ ಕೊಡುವ ಮೇಣ ಚಿವುಟಿ ಅಂಟಿಸಬೇಕು. ಇಷ್ಟು ಎಲ್ಲರೂ ಹೇಳ್ತಾರೆ. ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ ಬಗ್ಗೆ ಯಾರೂ ಹೇಳಲ್ಲ! ಪ್ರತಿ ಕ್ಲಿಪ್ಪಿನ ಸಂದಿಯಲ್ಲೂ ಅದು ಸಿಗುತ್ತೆ. ಸಂದಿಗೇ ಅಂತ ಪುಟ್ಟ ಬ್ರಷ್ ಸಿಗುತ್ತೆ, ಬಾಟಲಿ ತೊಳೆಯುವ ಬ್ರಷ್ಷಿನ ಮರಿ ಥರ. ರಾತ್ರಿ ಹತ್ತು ನಿಮಿಷ ಅದರಲ್ಲಿ ಉಜ್ಜಬೇಕು. ನಿರ್ಲಕ್ಷ್ಯ ಮಾಡಿದರೆ ಕ್ಲಿಪ್ ತೆಗೆದಾಗ ಹಲ್ಲು ನೆಟ್ಟಗಿರುತ್ತೆ, ಆದರೆ ಕ್ಲಿಪ್ಪಿನ ಸುತ್ತ ಸುಣ್ಣ ಬಳಿದಂಥ ಕಲೆ ಉಳಿಯುತ್ತೆ.

"ಇನ್ನಷ್ಟು ಬಿಗಿ ಮಾಡಿ, ಬೇಗ ಮುಗೀಲಿ" ಅಂತ ಒಮ್ಮೆ ನಾನೇ ಕೇಳಿದ್ದೆ. ಮೇಡಂ ನಕ್ಕರು. ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದ ಹಾಗೆ ಇಲ್ಲ, ನಡುವೆ ಒಂದು ತೆಳು ಪೊರೆ ಇದೆ. ತಂತಿ ಒತ್ತಿದ ಕಡೆ ಮೂಳೆ ಕರಗುತ್ತೆ, ಬಿಟ್ಟ ಕಡೆ ಹೊಸದು ತುಂಬುತ್ತೆ. ತಿಂಗಳಿಗೆ ಸುಮಾರು 1 ಮಿಲಿಮೀಟರ್. ಅವಸರ ಮಾಡಿದರೆ ಬೇರಿಗೇ ಪೆಟ್ಟು. ದಾಳಿಂಬೆ ಗಿಡಕ್ಕೆ ಗೊಬ್ಬರ ದುಪ್ಪಟ್ಟು ಹಾಕಿ ಬೇರು ಸುಟ್ಟುಕೊಂಡು ನನ್ನ ಅಂಗಡಿಗೇ ಬಂದು ಬೈಯುವ ರೈತರು ನೆನಪಾದರು. ಆಮೇಲೆ ಕೇಳಲಿಲ್ಲ.

ಕ್ಲಿಪ್ ತೆಗೆದ ದಿನ ರೈಲಿನಲ್ಲಿ ಅವಳು ಫೋನಿನ ಕ್ಯಾಮೆರಾದಲ್ಲಿ ಹಲ್ಲು ನೋಡಿಕೊಂಡಿದ್ದೇ ನೋಡಿಕೊಂಡಿದ್ದು. ನಾನು ಎಲ್ಲ ಮುಗೀತು ಅಂದುಕೊಂಡಿದ್ದೆ. ಮೂಳೆ ಗಟ್ಟಿಯಾಗುವವರೆಗೆ ಹಲ್ಲು ಹಳೇ ಜಾಗಕ್ಕೆ ಹೋಗಲು ನೋಡುತ್ತೆ. ಅದಕ್ಕೆ ರಿಟೇನರ್, ಮೊದಮೊದಲು ಇಡೀ ದಿನ, ಆಮೇಲೆ ವರ್ಷಗಟ್ಟಲೆ ರಾತ್ರಿ. ಗಾಜಿನಂಥ ಪ್ಲಾಸ್ಟಿಕ್ ತೊಗಟೆ ಅದು. ಮೂರನೇ ವಾರಕ್ಕೆ ಅವ್ವ, "ಬಾಯಾಗ ಇಡೋ ಸಾಮಾನು, ಸ್ವಚ್ಛ ಇರಬೇಕಲ್ಲ" ಅಂತ ಕುದಿಯೋ ನೀರಿಗೆ ಹಾಕಿದಳು. ಹೊರಗೆ ಬಂದಾಗ ಅದು ಮಳೆಯಲ್ಲಿ ನೆನೆದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ತಣ್ಣೀರೇ ಸಾಕಿತ್ತು. ಅವ್ವನಿಗೆ ಏನೂ ಅನ್ನಲಿಲ್ಲ. ಹೊಸದು ಬರೋಕೆ ಹತ್ತು ದಿನ ಹಿಡಿಯಿತು, ಅಷ್ಟರಲ್ಲೇ ಮುಂದಿನ ಒಂದು ಹಲ್ಲು ಕೂದಲೆಳೆಯಷ್ಟು ತಿರುಗಿತ್ತು.

ಈಗ ಸಣ್ಣವನಿಗೆ ಏಳು. ಕಾಯಂ ದವಡೆಹಲ್ಲು, ಮುಂದಿನ ಹಲ್ಲು ಬರುವ ಈ ವಯಸ್ಸಿಗೆ ಒಮ್ಮೆ ತೋರಿಸಬೇಕು ಅಂತ ಅಮೆರಿಕದ ಆರ್ಥೋಡಾಂಟಿಸ್ಟರ ಸಂಘವೂ ಹೇಳುತ್ತೆ. ಬಹಳ ಮಕ್ಕಳಿಗೆ ಆಗ ಏನೂ ಮಾಡಬೇಕಾಗಿರಲ್ಲ. ಬೆರಳು ಚೀಪೋದು, ಬಾಯಿ ತೆರೆದು ಮಲಗೋದು, ಕಚ್ಚಿದಾಗ ಕೆಳಗಿನ ಹಲ್ಲು ಮುಂದೆ ಬರೋದು, ಇಂಥವು ಇದ್ದರೆ ಮಾತ್ರ ಕಾಯಬಾರದು. ಹೋದ ತಿಂಗಳು ಅವನನ್ನೂ ಬಳ್ಳಾರಿಗೆ ಕರೆದುಕೊಂಡು ಹೋಗಿದ್ದೆ. ಒಂದು ಹಾಲುಹಲ್ಲಿಗೆ ಸಿಮೆಂಟು ತುಂಬಿ, ವರ್ಷ ಬಿಟ್ಟು ಬನ್ನಿ ಅಂದರು. ಅಕ್ಕನ ಹಾಗೆ ನೀಲಿ ರಬ್ಬರಿನ ಕ್ಲಿಪ್ ತನಗೂ ಬೇಕು ಅಂತ ಅವನು ಹೊಸಪೇಟೆ ಬರುವವರೆಗೂ ಅತ್ತ.