ಸೋಂಕು ಹೋಯಿತು, ಅಮ್ಮ ಮೊದಲಿನಂತೆ ಆಗಲಿಲ್ಲವೇಕೆ?

ವಯಸ್ಸಾದವರಿಗೆ ಹಠಾತ್ತನೆ ಬರುವ ತೀವ್ರ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದು ಗೊತ್ತಾದರೆ ಸಾಕು, ಜನ ಈ ಪ್ರಶ್ನೆ ಕೇಳುತ್ತಾರೆ: ‘ನ್ಯುಮೋನಿಯಾ ವಾಸಿಯಾಗಿದೆ, ರಕ್ತದ ವರದಿ ಸರಿಯಿದೆ ಎಂದು ಮನೆಗೆ ಕಳುಹಿಸಿದರು. ಆಸ್ಪತ್ರೆಗೆ ಸೇರುವ ಮುಂಚೆ ಅಮ್ಮ ತಾವೇ ಎದ್ದು ಸ್ನಾನ ಮಾಡುತ್ತಿದ್ದರು. ಈಗ ಕುರ್ಚಿಯಿಂದ ಏಳಿಸಲು ಇಬ್ಬರು ಬೇಕು. ಹೀಗೇಕೆ?’ ಕೇಳುವವರ ದನಿಯಲ್ಲಿ ವೈದ್ಯರ ಮೇಲಿನ ಅನುಮಾನಕ್ಕಿಂತ ಹೆಚ್ಚಾಗಿ, ತಾವೇ ಎಲ್ಲೋ ಎಡವಿದೆವೇನೋ ಎಂಬ ಕೊರಗು ಇರುತ್ತದೆ.

ವಾಸಿಯಾದದ್ದು ಸೋಂಕು. ಹತ್ತು ದಿನ ಮಲಗಿದ್ದರಿಂದ ಆದ ಹಾನಿ ಬೇರೆಯೇ. ಅದನ್ನು ಯಾರೂ ಕಾಯಿಲೆಯೆಂದು ಎಣಿಸಲಿಲ್ಲ, ಹಾಗಾಗಿ ಚಿಕಿತ್ಸೆಯೂ ಸಿಗಲಿಲ್ಲ.

ಹಾಸಿಗೆಯೇ ರೋಗಿಗೆ ಅಪಾಯ ತಂದೀತು ಎಂದು ಬ್ರಿಟನ್ನಿನ ವೈದ್ಯ ರಿಚರ್ಡ್ ಆಷರ್ 1947ರಲ್ಲೇ ಎಚ್ಚರಿಸಿದ್ದರು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಅಷ್ಟರಲ್ಲಿ ಅವರ ಕಾಲುಗಳಿಂದ ಸರಾಸರಿ 1 ಕಿಲೋದಷ್ಟು ಕೊಬ್ಬಿಲ್ಲದ ಅಂಗಾಂಶ, ಬಹುಪಾಲು ಸ್ನಾಯುವೇ, ಕರಗಿಹೋಗಿತ್ತು. ಅವರಿಗೆ ಜ್ವರವಿರಲಿಲ್ಲ, ಹೊಟ್ಟೆ ತುಂಬ ಊಟವಿತ್ತು. ಸೋಂಕಿನಿಂದ ಬಳಲುವವರಿಗೆ ಇದರ ಜೊತೆಗೆ ಮೈಯೊಳಗಿನ ಉರಿಯೂತವೂ ಸ್ನಾಯುವನ್ನು ತಿನ್ನುತ್ತದೆ, ಹಸಿವೂ ಸತ್ತಿರುತ್ತದೆ. ಇಪ್ಪತ್ತೈದರ ಯುವಕನಲ್ಲಿ ಬಲದ ಇಡುಗಂಟು ದೊಡ್ಡದಿರುವುದರಿಂದ ಇಷ್ಟು ಖರ್ಚಾದದ್ದು ಗೊತ್ತೇ ಆಗುವುದಿಲ್ಲ. ಎಂಬತ್ತರಲ್ಲಿ ಕುರ್ಚಿಯಿಂದ ಏಳಲು ಎಷ್ಟು ಬೇಕೋ ಅಷ್ಟೇ ಉಳಿದಿರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಡೆಲಿರಿಯಂ. ಹಿಂದಿನವರು ಸನ್ನಿ ಎಂದು ಕರೆಯುತ್ತಿದ್ದ ಸ್ಥಿತಿಗೆ ಇದು ತೀರ ಹತ್ತಿರ. ನಿನ್ನೆಯವರೆಗೆ ಸರಿಯಿದ್ದವರು ಇಂದು ಮಗಳನ್ನೇ ಗುರುತಿಸುವುದಿಲ್ಲ, ಸಂಜೆಗೆ ಮತ್ತೆ ಚೆನ್ನಾಗಿ ಮಾತನಾಡುತ್ತಾರೆ. ಕೂಗಾಡುವವರು ಕಣ್ಣಿಗೆ ಬೀಳುತ್ತಾರೆ. ಸುಮ್ಮನೆ ತೂಕಡಿಸುತ್ತಾ ಮಲಗಿರುವವರನ್ನು ‘ಪಾಪ, ಸುಸ್ತಾಗಿದೆ’ ಎಂದು ಬಿಟ್ಟುಬಿಡುತ್ತಾರೆ. ‘ವಯಸ್ಸಾಯಿತಲ್ಲ, ಅರಳುಮರಳು’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅರಳುಮರಳು ರಾತ್ರಿ ಬೆಳಗಾಗುವುದರೊಳಗೆ ಬರುವುದಿಲ್ಲ. ಎಷ್ಟೋ ಹಿರಿಯರಲ್ಲಿ ನ್ಯುಮೋನಿಯಾಕ್ಕೆ ಜ್ವರವೂ ಇರುವುದಿಲ್ಲ, ಕೆಮ್ಮೂ ಇರುವುದಿಲ್ಲ. ಈ ಗೊಂದಲವೇ ಅದರ ಮೊದಲ ಲಕ್ಷಣ.

ಡೆಲಿರಿಯಂ ಅನ್ನು ಹಾಸಿಗೆಯ ಪಕ್ಕದಲ್ಲೇ ನಿಂತು ಗುರುತಿಸುವ ಸರಳ ವಿಧಾನವನ್ನು ವೈದ್ಯೆ ಶರನ್ ಇನೋಯೆ ಮತ್ತು ಸಂಗಡಿಗರು 1990ರಲ್ಲಿ ರೂಪಿಸಿದರು. ಇನೋಯೆ ಅವರ ತಂಡವೇ 1999ರಲ್ಲಿ, 70 ದಾಟಿದ 852 ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ಅದರಲ್ಲಿ ಹೊಸ ಔಷಧವೇನೂ ಇರಲಿಲ್ಲ. ಕನ್ನಡಕ ಮತ್ತು ಶ್ರವಣಯಂತ್ರ ಕೈಗೆ ಸಿಗುವಂತೆ ನೋಡಿಕೊಂಡರು, ನೀರು ಕುಡಿಸಿದರು, ಬೇಗ ಎಬ್ಬಿಸಿ ನಡೆಸಿದರು, ಇಂದು ಯಾವ ದಿನ ಎಂದು ನೆನಪಿಸುತ್ತಾ ಮಾತನಾಡಿಸಿದರು, ಮಾತ್ರೆಯಿಲ್ಲದೆ ನಿದ್ದೆ ಬರುವಂತೆ ರಾತ್ರಿಯ ಗದ್ದಲ ತಗ್ಗಿಸಿದರು. ಸಾಮಾನ್ಯ ಆರೈಕೆಯಲ್ಲಿದ್ದ ನೂರರಲ್ಲಿ 15 ಮಂದಿಗೆ ಡೆಲಿರಿಯಂ ಬಂದರೆ, ಈ ಆರೈಕೆ ಪಡೆದ ನೂರರಲ್ಲಿ ಬಂದದ್ದು ಸುಮಾರು 10 ಮಂದಿಗೆ. ಆದರೆ ಒಮ್ಮೆ ಬಂದವರಲ್ಲಿ ಅದರ ತೀವ್ರತೆ ಈ ಆರೈಕೆಯಿಂದ ಕಡಿಮೆಯಾಗಲಿಲ್ಲ. ಆದ್ದರಿಂದಲೇ ಎಬ್ಬಿಸಿ ನಡೆಸುವುದೂ ಸೇರಿದಂತೆ ಈ ಆರೈಕೆ ಮೊದಲ ದಿನದಿಂದಲೇ ಶುರುವಾಗಬೇಕು ಎಂದು ನಾನು ಇಷ್ಟು ಹಟ ಹಿಡಿಯುತ್ತೇನೆ.

ಈ ಹಟಕ್ಕೆ ವಿರೋಧವೂ ಇದೆ. ರೋಗಿ ಬಿದ್ದುಬಿಟ್ಟರೆ ಎಂಬ ಭಯದಿಂದ ಮಲಗಿಸಿಯೇ ಇಡುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ, ಬೀಳುವುದು ನಿಜವಾದ ಅಪಾಯವೇ. ಆದರೆ ವಾರವಿಡೀ ಮಲಗಿ ಕಾಲು ಸೋತವರು ಮನೆಗೆ ಹೋದ ಮೇಲೆ ಬೀಳುತ್ತಾರೆ, ಆ ಬೀಳುವಿಕೆ ಆಸ್ಪತ್ರೆಯ ಲೆಕ್ಕಕ್ಕೆ ಸೇರುವುದಿಲ್ಲ.

ಆಸ್ಪತ್ರೆಗೆ ಸೇರಿಸುವಾಗ, ಎರಡು ವಾರದ ಹಿಂದೆ ಅವರು ಯಾವ ಯಾವ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು ಎಂಬುದನ್ನು ಕೇಳದಿದ್ದರೂ ಹೇಳಿ. ನನ್ನ ಸಂಶೋಧನೆಯ ಅಳತೆಗೋಲು ಅದೇ. ಮೂತ್ರದ ನಳಿಕೆ ಇಂದೂ ಬೇಕೇ ಎಂದು ಪ್ರತಿದಿನ ಕೇಳಿ, ವೈದ್ಯರು ಒಪ್ಪಿದರೆ ಊಟವನ್ನು ಕುರ್ಚಿಯಲ್ಲಿ ಕೂರಿಸಿಯೇ ಮಾಡಿಸಿ. ಇಷ್ಟೆಲ್ಲ ಮಾಡಿದರೂ ಕೆಲವರು ಮೊದಲಿನಂತಾಗುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಚೇತರಿಕೆಗೆ ತಿಂಗಳುಗಳೇ ಹಿಡಿಯಬಹುದು. ಏಳಿಸಲು ಇಬ್ಬರು ಬೇಕಾಗಿದ್ದ ಅಮ್ಮನಿಗೆ ಒಬ್ಬರ ಆಸರೆ ಸಾಕಾದ ದಿನ, ಅದನ್ನು ವೈದ್ಯರಿಗೆ ತಿಳಿಸಿ. ನಾನಾದರೆ ರಕ್ತದ ವರದಿಗಿಂತ ಮೊದಲು ಅದನ್ನು ಬರೆದುಕೊಳ್ಳುತ್ತೇನೆ.