ಯಾವ ಪ್ರೋಟೀನ್ ಹೇಳ್ರಿ ಮೊದಲ

ಧಾರವಾಡದಲ್ಲಿ ಬಿಎಸ್‌ಸಿ ಓದುವಾಗ ನಮಗೆ ಜೆನೆಟಿಕ್ಸ್ ಕಲಿಸಿದ ಸರ್‌ಗೆ ಒಂದು ಚಟ ಇತ್ತು. ಕ್ಲಾಸಿನಲ್ಲಿ ಯಾರಾದರೂ 'ಎತ್ತರದ ಜೀನ್', 'ಬುದ್ಧಿಯ ಜೀನ್' ಅಂದರೆ ಸಾಕು, ಕೈಯಲ್ಲಿದ್ದ ಚಾಕ್ ಕೆಳಗಿಟ್ಟು ಕೇಳೋರು: "ಯಾವ ಪ್ರೋಟೀನ್ ಹೇಳ್ರಿ ಮೊದಲ." ಅಲ್ಲಿಗೆ ನಮ್ಮ ಬಾಯಿ ಬಂದ್. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ, ಯಾವ ಅಮೈನೋ ಆಮ್ಲದ ಹಿಂದೆ ಯಾವುದು ಬರಬೇಕು ಅನ್ನೋದಷ್ಟೇ ಜೀನಿನಲ್ಲಿ ಬರೆದಿರುತ್ತದೆ, ಬುದ್ಧಿಗಿದ್ದಿ ಎಲ್ಲ ಬಹಳ ದೂರದ ಮಾತು ಅಂತ ಅವರ ವಾದ.

ಜೀನುಗಳನ್ನು ಹೊತ್ತಿರುವ ಎಳೆಗಳೇ ಕ್ರೋಮೋಸೋಮು. ಅವುಗಳ ಪ್ರಾಕ್ಟಿಕಲ್ ಅಂದರೆ ಒಂದು ಜೆರಾಕ್ಸ್ ಹಾಳೆ, ಕತ್ತರಿ, ಗೋಂದು. ಚೆಲ್ಲಾಪಿಲ್ಲಿ ಬಿದ್ದ ಮನುಷ್ಯನ 46 ಕ್ರೋಮೋಸೋಮುಗಳ ಫೋಟೋ ಕತ್ತರಿಸಿ, ದೊಡ್ಡದರಿಂದ ಸಣ್ಣದಕ್ಕೆ ಜೋಡಿ ಮಾಡಿ ಅಂಟಿಸಬೇಕು. ಮೊದಲ ಮೂರು ಜೋಡಿ ಸಲೀಸು. 6ರಿಂದ 12ರವರೆಗಿನವು ಒಂದರ ಹಾಗೇ ಇನ್ನೊಂದು, ಎಕ್ಸ್ ಕೂಡ ಅವುಗಳ ನಡುವೆಯೇ ಅಡಗಿ ಕೂತಿರುತ್ತದೆ. ಕೊನೆಯ ಸಣ್ಣ ಚೂರುಗಳು ಜೀರಿಗೆಯಷ್ಟು. ಒಮ್ಮೆ ಯಾರೋ ಫ್ಯಾನ್ ಹಾಕಿಬಿಟ್ಟರು. ನನ್ನ ಪಕ್ಕದವಳ ಒಂದು 21 ಹಾರಿಹೋಗಿ ಸಿಂಕ್ ಸೇರಿತು. ಸರ್ ಅದನ್ನೂ ಬಿಡಲಿಲ್ಲ. 21 ಒಂದು ಜಾಸ್ತಿ ಇದ್ದರೆ ಡೌನ್ ಸಿಂಡ್ರೋಮ್, ಒಂದು ಪೂರ್ತಿ ಕಡಿಮೆಯಾದರೆ ಮಗು ಹುಟ್ಟೋದೇ ಕಷ್ಟ ಅಂದರು. ಅಸಲಿಗೆ 22ಕ್ಕಿಂತ 21ನೇ ಕ್ರೋಮೋಸೋಮೇ ಸಣ್ಣದು. ನಂಬರ್ ಕೊಟ್ಟ ಮೇಲೆ ಗೊತ್ತಾಯಿತು, ಹಾಗೇ ಉಳಿಯಿತು. 46 ಅನ್ನೋ ಲೆಕ್ಕವೂ ಹಳೆಯದಲ್ಲ. ಸ್ವೀಡನ್ನಿನಲ್ಲಿ ಚಿಯೋ ಮತ್ತು ಲೆವಾನ್ ಅನ್ನೋ ವಿಜ್ಞಾನಿಗಳು ಸರಿಯಾಗಿ ಎಣಿಸಿ 1956ರಲ್ಲಿ ಪ್ರಕಟಿಸುವವರೆಗೆ ಪುಸ್ತಕಗಳಲ್ಲಿ 48 ಅಂತಲೇ ಇತ್ತು.

ನನಗೆ ಇವತ್ತಿಗೂ ಹಿಡಿಸಿರುವುದು ರಕ್ತದ ಗುಂಪಿನ ಪಾಠ. ಬೆರಳು ಚುಚ್ಚಿಕೊಂಡು ಎಲ್ಲರೂ ಸ್ಲೈಡ್ ಮುಂದೆ ಕೂತಿದ್ದೆವು. "ನಂದು ಓ ಗುಂಪಿನ ಜೀನ್ ಸರ್" ಅಂದ ಗದಗಿನ ಹುಡುಗ. ಬಂತು ಪ್ರಶ್ನೆ. ಕೆಂಪು ರಕ್ತಕಣದ ಮೇಲಿನ ಗುರುತೇ ಪ್ರೋಟೀನ್ ಅಂತ ನಾವೆಲ್ಲ ಹೇಳಿದೆವು. ಅಲ್ಲ, ಆ ಗುರುತು ಸಕ್ಕರೆ. 9ನೇ ಕ್ರೋಮೋಸೋಮಿನಲ್ಲಿರುವ ಜೀನ್ ಮಾಡೋದು ಆ ಸಕ್ಕರೆಯನ್ನು ಅಂಟಿಸುವ ಕಿಣ್ವವನ್ನು, ಆ ಕಿಣ್ವವೇ ಪ್ರೋಟೀನ್. ಎ ಕಿಣ್ವ ಒಂದು ಸಕ್ಕರೆ ಅಂಟಿಸುತ್ತದೆ, ಬಿ ಕಿಣ್ವ ಇನ್ನೊಂದು. ಎರಡರಲ್ಲೂ 354 ಅಮೈನೋ ಆಮ್ಲ, ವ್ಯತ್ಯಾಸ ಬರೀ ನಾಲ್ಕರದ್ದು.

ಹಾಗಾದರೆ ಓ? ಸರ್ ಬೋರ್ಡಿನ ಮೇಲೆ ಬರೆದರು: ಹುಡುಗ ಹೊಲಕ್ಕೆ ಬರಲಿ. ಮೂರು ಮೂರು ಅಕ್ಷರದ ಪದ, ಜೀನನ್ನು ಓದೋದೂ ಮೂರು ಮೂರೇ. 'ಡು' ಒರೆಸಿ, ಮತ್ತೆ ಮೂರು ಮೂರಾಗಿ ಓದಿ ಅಂದರು. ಹುಗಹೊ ಲಕ್ಕೆಬ ರಲಿ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಹೆಚ್ಚಿನ ಓ ಗುಂಪಿನವರಲ್ಲಿ ಆಗಿರುವುದು ಇಷ್ಟೇ, ಒಂದು ಅಕ್ಷರ ಬಿಟ್ಟುಹೋಗಿದೆ. ಅಲ್ಲಿಂದ ಮುಂದೆ ತಪ್ಪು ಅಮೈನೋ ಆಮ್ಲಗಳು, ಸ್ವಲ್ಪದರಲ್ಲೇ ಪೂರ್ಣವಿರಾಮ. ಕಿಣ್ವ ಕೆಲಸಕ್ಕೆ ಬಾರದು, ಸಕ್ಕರೆಯೂ ಅಂಟದು. ಗದಗಿನವನ ಮುಖ ಸಣ್ಣದಾಯಿತು. "ಏನಾಗಲ್ಲಪಾ, ಆರಾಮ ಇದ್ದೀಯಲ್ಲ" ಅಂದರು ಸರ್.

ನಮ್ಮವ್ವ ರಾಣೆಬೆನ್ನೂರಿನ ಕಡೆ ಬೀಜದ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಒಂದು ತಳಿಯ ಪರಾಗ ಇನ್ನೊಂದರ ಹೂವಿಗೆ ಮುಟ್ಟಿಸೋಕೆ, ಹೋಗುತ್ತಿದ್ದಳು. ಹಾಗಾಗಿ ಹತ್ತಿಯ ಮಾತು ಬಂದಾಗ ನನ್ನ ಕಿವಿ ನೆಟ್ಟಗಾಗುತ್ತಿತ್ತು. 1972ರಲ್ಲಿ ನಮ್ಮ ಧಾರವಾಡದಿಂದಲೇ ಬಂದ ವರಲಕ್ಷ್ಮಿ ತಳಿಯ ತಂದೆ ತಾಯಿ ಬೇರೆ ಬೇರೆ ಜಾತಿಯ ಹತ್ತಿ, ಆದರೆ ಎರಡಕ್ಕೂ 52 ಕ್ರೋಮೋಸೋಮು. ನಮ್ಮ ಜವಾರಿ ಹತ್ತಿ ಜಯಧರಕ್ಕೆ 26. ಅದಕ್ಕೇ 52ರದ್ದರ ಜೊತೆ ಅದರ ಸಂಬಂಧ ಸುಲಭಕ್ಕೆ ಕೂಡಿಬರೋದಿಲ್ಲ. ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. "ಎಣಿಸಿದವರ್ಯಾರು?" ಅಂದಳು.

ಜೀನಿನ ಮೂರಕ್ಷರದ ಪದಗಳು, ಅಂದರೆ 64 ಕೋಡಾನುಗಳ ಪಟ್ಟಿ, ಅದರಲ್ಲಿ ಮೂರು ಪೂರ್ಣವಿರಾಮ, ಆ ಗುಟ್ಟು ಬಿಡಿಸಿದ್ದಕ್ಕೆ ನಮ್ಮ ವಿಜ್ಞಾನಿ ಹರಗೋಬಿಂದ್ ಖೊರಾನಾ ಅವರಿಗೂ ಪಾಲು ಸಿಕ್ಕ 1968ರ ನೊಬೆಲ್, ಎಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಫೈನಲ್ ಇಯರ್‌ನಲ್ಲಿ ಹಾವೇರಿಯ ಒಬ್ಬಳು, ಇಡೀ ಸೆಮಿಸ್ಟರ್ ತುಟಿ ಬಿಚ್ಚದವಳು, ಎದ್ದು ನಿಂತಳು. "ಸರ್, ಟಿಆರ್‌ಎನ್‌ಎ ಜೀನ್ ಅದಾವಲ್ಲ, ಅವು ಯಾವ ಪ್ರೋಟೀನ್ ಮಾಡ್ತಾವ್ರಿ?" ಯಾವುದನ್ನೂ ಮಾಡೋದಿಲ್ಲ. ಅಮೈನೋ ಆಮ್ಲಗಳನ್ನು ಹೊತ್ತು ತರುವ ಆರ್‌ಎನ್‌ಎ ಅಷ್ಟೇ ಅವುಗಳ ಉತ್ಪತ್ತಿ. ಸರ್ ಚಾಕ್ ಕೆಳಗಿಟ್ಟರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟು ವರ್ಷಕ್ಕ ಒಬ್ಬಾಕಿ ಕೇಳಿದ್ಲು ನೋಡ್ರಿ. ಬರೋ ಸೋಮವಾರ ಸೆಮಿನಾರ್ ನಿಂದಽ ತಂಗಿ."